ಹನ್ನೆರಡು ತಟ್ಟೆ ಸಿಪ್ಪೆ

ಆಸ್ಪತ್ರೆಯ ಡ್ಯೂಟಿ ಮುಗಿಸಿ ಹಸಿದು ಬಂದ ಸೊಸೆಗೆ ಉಣ್ಣಲು ಒಂದು ತಟ್ಟೆಯೂ ಸಿಗಲಿಲ್ಲ. ಮನೆಯ ಹನ್ನೆರಡು ತಟ್ಟೆಗಳಲ್ಲೂ ಸಕ್ಕರೆ ಪಾಕದಲ್ಲಿ ಬೆಂದ ಕಲ್ಲಂಗಡಿ ಸಿಪ್ಪೆಯ ತುಂಡುಗಳು ಒಣಗುತ್ತಿದ್ದವು.

"ದನಕ್ಕೆ ಹಾಕೋ ಸಿಪ್ಪೇನ ಯಾರು ತಿಂತಾರೆ ಅಂತ ಇಷ್ಟೊಂದು ಮಾಡಿದ್ದೀರಿ ಅತ್ತೆ?" ಎಂದು ರೇಗಿ, ಕೈಗೆ ಸಿಕ್ಕ ತಟ್ಟೆಯನ್ನು ಕಸದ ಬುಟ್ಟಿಯ ಮೇಲೆ ಓರೆ ಮಾಡಿದಳು.

ಒಲೆಯ ಮುಂದಿದ್ದ ಅತ್ತೆ ಗಾಬರಿಯಿಂದ ತಿರುಗಿದರು. "ಚೆಲ್ಲಬೇಡ ಕಣಮ್ಮ. ಹೋದ ವಾರ ಕೊಟ್ಟಿದ್ದು ಆಸ್ಪತ್ರೇಲಿ ಚಿಟಿಕೆ ಹೊಡೆಯೋದ್ರೊಳಗೆ ಖಾಲಿಯಾಯ್ತು, ಎಲ್ರೂ ಇನ್ನೂ ಬೇಕಂದ್ರು ಅಂತ ನೀನೇ ಹೇಳಿದ್ಯಲ್ಲ. ಅದಕ್ಕೇ ಬೆಳಗ್ಗೆಯಿಂದ ನಿಂತು ಮಾಡಿದೆ."

ಅದನ್ನೆಲ್ಲ ಮೂಸಿಯೂ ನೋಡದೆ ಬಸ್ ನಿಲ್ದಾಣದ ಕಸದ ತೊಟ್ಟಿಗೆ ಸುರಿದವಳು ಅವಳೇ. ಈಗ ಯಾರ ಮೇಲೆ ರೇಗುವುದು? ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು, ಮೊದಲ ಬಾರಿಗೆ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡಳು. ಹಾಳಾದ್ದು, ಬಲು ರುಚಿಯಾಗಿತ್ತು.