ಸಾರಿಸಿದ ನೆಲ

ಸೆಗಣಿ ಸಾರಿಸಿದ ನೆಲದ ಹಸಿ ವಾಸನೆ ಬಂದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ದೇವದುರ್ಗದ ಹತ್ತಿರ ನಮ್ಮೂರಿನ ಸರಕಾರಿ ಮಿಡ್ಲ್ ಸ್ಕೂಲಿನಲ್ಲಿ ಹುಡುಗರು ಲೆಕ್ಕ ಬಿಡಿಸುವಾಗ, ಕುರಿ ಕಾಯುವವರ ಮನೆಯ ಹುಡುಗಿಯರಾದ ನಾವು ನೆಲ ಸಾರಿಸಬೇಕಿತ್ತು.

ಒಂದು ಮಧ್ಯಾಹ್ನ ತಪಾಸಣೆಗೆ ಬಂದ ಸಾಹೇಬರು ಪಾಲಕರನ್ನು ಕರೆಸಿ, "ಶಾಲೆ ಹೇಗಿದೆ?" ಎಂದು ಕೇಳಿದರು. ಎಲ್ಲರೂ "ಚಲೋ ಅದರೀ" ಎಂದರು. ಅವ್ವ ಮಾತ್ರ ಎದ್ದು, ಉಗುರಿನ ಸಂದಿಯಲ್ಲಿ ಸೆಗಣಿ ಒಣಗಿದ್ದ ನನ್ನ ಕೈಯನ್ನು ಎತ್ತಿ ಹಿಡಿದಳು.

"ಸಾರ್ಸೋದು ನಾ ಮನ್ಯಾಗ ಕಲಿಸೀನ್ರೀ ಯಪ್ಪಾ. ನೀವೇನು ಕಲಿಸಾಕತ್ತೀರಿ?"

ಮಾಸ್ತರರು ನನ್ನತ್ತ ಕೆಕ್ಕರಿಸಿದರು. ಸಾಹೇಬರು ನೆಲವನ್ನೊಮ್ಮೆ ನೋಡಿ, "ಆದರೂ ಹುಡುಗಿ ಚೆನ್ನಾಗಿ ಸಾರಿಸಿದ್ದಾಳೆ" ಎಂದು ನಕ್ಕರು. ಅವರ ಜೊತೆ ನಮ್ಮ ಓಣಿಯವರೂ ನಕ್ಕರು.

ಅವ್ವ ನನ್ನ ಕೈ ಇಳಿಸಲಿಲ್ಲ.