ಕೋಟೆ ಬಾಗಿಲು ತೆಗೆದವನು

“ರಾಜನಿಗೆ ನನ್ನ ಮೂಗು ಇಡಪ್ಪ ಸಾಕು, ಮಿಕ್ಕಿದ್ದು ನಿನ್ನಿಷ್ಟ!” ಎಂದು ಕ್ಷೌರದ ಕುರ್ಚಿಯಿಂದಲೇ ಕೂಗಿದ ಎಣ್ಣೆ ಅಂಗಡಿ ಮುನಿಶಾಮಿಯ ಗಲ್ಲ ಹಿಡಿದು ಕೋನಪ್ಪ ನೆಟ್ಟಗೆ ತಿರುಗಿಸಿದ. “ಅಳ್ಳಾಡ್ಬೇಡಿ ಸಾಮಿ, ಇರೋ ಮೂಗೂ ಹೋಗ್ತದೆ.”

ಅಂಗಡಿಯ ಪಕ್ಕದ ಗೋಡೆಗೆ ಎಂಟಡಿ ಬಟ್ಟೆ ಬಿಗಿದು ಮುಖ್ತಾರ್ ಚಿತ್ರ ಬರೆಯುತ್ತಿದ್ದ. ನಾಳೆ ರಾಜ್ಯೋತ್ಸವ. ಶಿಡ್ಲಘಟ್ಟದ ಮೆರವಣಿಗೆಯಲ್ಲಿ ಮೊದಲನೇ ಟ್ರ್ಯಾಕ್ಟರ್ ಮೇಲೆ ಹೋಗಬೇಕಾದ ಚಿತ್ರ. ಲೈಬ್ರರಿಯಿಂದ ತಂದ ಒಂದು ಐತಿಹಾಸಿಕ ಕಾದಂಬರಿ ಅವನಿಗೆ ಹುಚ್ಚು ಹಿಡಿಸಿತ್ತು. ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರೂ ಬೀಳದ ಕೋಟೆ. ಕೊನೆಗೆ ಒಳಗಿನವನೇ ಒಬ್ಬ ಎದ್ದು ಹೋಗಿ ಬಾಗಿಲ ಅಗುಳಿ ಎತ್ತುತ್ತಾನೆ. ಆ ಗಳಿಗೆಯನ್ನೇ ಮುಖ್ತಾರ್ ಹಿಡಿದಿದ್ದ. ಪಂಜುಗಳು ಉರಿಯುತ್ತಿದ್ದವು, ಆನೆ ಸೊಂಡಿಲೆತ್ತಿತ್ತು, ಬುರುಜಿನ ಮೇಲೆ ರಾಜ ಕತ್ತಿ ಹಿರಿದಿದ್ದ. ಮುಖಗಳನ್ನೆಲ್ಲ ಅವನು ಕೋನಪ್ಪನ ಕನ್ನಡಿಯಿಂದಲೇ ಎತ್ತಿಕೊಂಡಿದ್ದ. ಟೈಲರು ಸೇನಾಪತಿ, ಸೋಡಾ ಅಂಗಡಿಯವನು ಬಿಲ್ಲುಗಾರ. ಊರಿನವರೆಲ್ಲ ಬಂದು ತಮ್ಮ ತಮ್ಮ ಮುಖ ನೋಡಿಕೊಂಡು ಮೀಸೆ ತಿರುವಿ ಹೋಗುತ್ತಿದ್ದರು. ಬಾಗಿಲು ತೆಗೆದವನೊಬ್ಬನ ಜಾಗ ಮಾತ್ರ ಖಾಲಿ. ಅದಕ್ಕೆ ಯಾರೂ ಒಪ್ಪರು. ಮುಖ್ತಾರನ ಪೆನ್ಸಿಲ್ ತನ್ನ ಕಡೆ ತಿರುಗಿತೆಂದು ಒಬ್ಬ ಅರ್ಧ ಗಡ್ಡದಲ್ಲೇ ಎದ್ದು ಓಡಿಹೋಗಿದ್ದ.

ಮಧ್ಯಾಹ್ನ ಉತ್ಸವ ಸಮಿತಿಯ ಅಧ್ಯಕ್ಷ ಚೆನ್ನರಾಯಪ್ಪನವರು ಬಂದರು. “ಏಮಪ್ಪಾ ಮುಖ್ತಾರ್! ಆನೆ ಮೈಮೇಲೆ ಬಂದಂಗೆ ಐತಲ್ಲಯ್ಯ!” ಎಂದು ಹೆಗಲು ತಟ್ಟಿದರು. ಆಮೇಲೆ ಬೆರಳು ಬಾಗಿಲ ಹತ್ತಿರ ನಿಂತಿತು. “ಇದ್ಯಾಕೆ ಖಾಲಿ?”

“ಬಾಗಿಲು ತೆಗೆದೋನು ಸಾರ್. ಮುಖ ಸಿಕ್ಕಿಲ್ಲ.”

“ಅದಕ್ಕೇನು ಹುಡುಕೋದು? ಒಂದು ಗಡ್ಡ ಬಿಡು, ತಲೆ ಮೇಲೊಂದು ಟೋಪಿ ಇಡು. ದೂರದಿಂದ್ಲೇ ಜನಕ್ಕೆ ಗೊತ್ತಾಗ್ತದೆ.”

ಮುಖ್ತಾರನ ಕುಂಚ ನಿಂತಿತು. ಒಳಗೆ ಕೋನಪ್ಪನ ಕತ್ತಿಯೂ ನಿಂತಿತು.

“ಸಾರ್, ಪುಸ್ತಕದಲ್ಲಿ ಹಂಗಿಲ್ಲ. ಅವನು ರಾಜನ ಸ್ವಂತ ಭಾವಮೈದ. ರಾಜನ ಪಕ್ಕದಲ್ಲೇ ಎಲೆ ಹಾಕಿಸ್ಕೊಂಡು ಉಂಡೋನು.”

“ಪುಸ್ತಕ ಯಾರಯ್ಯ ಓದ್ತಾರೆ? ಚಿತ್ರ ಎಲ್ರೂ ನೋಡ್ತಾರೆ.”

“ನೋಡ್ತಾರೆ ಅಂತಾನೇ ನಾನೂ ಹೇಳ್ತಿರೋದು!”

“ನೀನ್ಯಾಕೆ ಮೈಮೇಲೆ ಎಳ್ಕೊಂತೀಯ? ನಿನ್ನ ಅಂದ್ನಾ? ನೀನು ನಮ್ಮ ಹುಡುಗ ಕಣಯ್ಯ.” ಚೆನ್ನರಾಯಪ್ಪನವರು ನಗುತ್ತಲೇ ಹೊರಟರು. “ಬೆಳಿಗ್ಗೆ ಬಂದು ನೋಡ್ತೀನಿ. ಇಲ್ದಿದ್ರೆ ಬಾಳೆಕಂದು ಕಟ್ಕೊಂಡು ಹೋಗ್ತೀವಿ, ಅದೂ ಚೆನ್ನಾಗೇ ಕಾಣ್ತದೆ.”

ಮುಖ್ತಾರ್ ಬಣ್ಣದ ಡಬ್ಬಿಯನ್ನು ಒದ್ದ. ಕೆಂಪು ಬಣ್ಣ ಚರಂಡಿಯವರೆಗೂ ಹರಿಯಿತು.

“ಗಡ್ಡಾನೇ ತಾನೇ, ಬರ್ದುಬಿಡೋ,” ಎಂದ ಕೋನಪ್ಪ. “ನಾಡಿದ್ದು ನಾನೇ ಬೋಳಿಸ್ತೀನಿ.”

“ನಗಬೇಡ ಕೋನಪ್ಪಣ್ಣ! ಈ ಊರಲ್ಲಿರೋ ಬೋರ್ಡೆಲ್ಲ ನಾನೇ ಬರ್ದಿದೀನಿ. ಒಂದರಲ್ಲಾದ್ರೂ ನನ್ನ ಹೆಸ್ರೈತಾ? ಎಲ್ಲಾ ಅವರವರ ಹೆಸ್ರು. ಇದೊಂದರ ಮೂಲೇಲಿ ‘ಮುಖ್ತಾರ್’ ಅಂತ ಹಾಕ್ಬೇಕು ಅಂತಿದ್ದೆ. ಆ ಗಡ್ಡ ಬರ್ದು ಅದರ ಕೆಳಗೆ ನನ್ನ ಹೆಸ್ರು ಹಾಕ್ಲಾ?”

ಮುಖ್ತಾರ್ ಬಣ್ಣದ ಕೈಯಲ್ಲೇ ಕಾದಂಬರಿ ಎತ್ತಿಕೊಂಡು ಆ ಪುಟವನ್ನು ಇನ್ನೊಂದು ಸಲ ಓದಿದ. ತುಟಿ ಅಲುಗುತ್ತಿತ್ತು. ತಟ್ಟನೆ ತಲೆಯೆತ್ತಿದ.

“ಅಣ್ಣಾ, ಬಾಗಿಲು ತೆಗಿಯೋನು ಯಾವ ಕಡೆ ನೋಡ್ತಿರ್ತಾನೆ?”

“ಬಾಗಿಲ ಕಡೆ. ಇನ್ಯಾವ ಕಡೆ ನೋಡ್ತಾನೆ?”

“ಕೋಟೆ ಒಳಗಿರೋ ನಮಗೆ ಏನು ಕಾಣ್ತದೆ?”

ಕೋನಪ್ಪ ಕತ್ತಿಯನ್ನು ಪಕ್ಕಕ್ಕಿಟ್ಟ. “ಬರಿಯೋ, ಬರಿ ಬರಿ! ನಾನು ಬಣ್ಣ ಕಲಸ್ಕೊಡ್ತೀನಿ!”

ಸಂಜೆ ಬೆಳಕು ಆರುವಷ್ಟರಲ್ಲಿ ಬಾಗಿಲ ಮುಂದೆ ಒಂದು ಬೆನ್ನು ಎದ್ದು ನಿಂತಿತ್ತು. ಅಗುಳಿಗೆ ಕೊಟ್ಟ ಹೆಗಲು, ಬೆವರಿಗೆ ಅಂಟಿದ ಬಿಳಿ ಅಂಗಿ, ಭುಜದಿಂದ ಜಾರುತ್ತಿರುವ ವಲ್ಲಿ. ಗಡ್ಡವಿಲ್ಲ, ಟೋಪಿಯಿಲ್ಲ, ನಾಮವಿಲ್ಲ, ವಿಭೂತಿಯಿಲ್ಲ. ಆನೆಯನ್ನೂ ರಾಜನನ್ನೂ ಬಿಟ್ಟು ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಮುಖ್ತಾರ್ ಮೂಲೆಯಲ್ಲಿ ತನ್ನ ಹೆಸರು ಬರೆದು, ಕೆಳಗೊಂದು ಗೆರೆಯನ್ನೂ ಎಳೆದ.

ಬೆಳಿಗ್ಗೆ ಚೆನ್ನರಾಯಪ್ಪನವರು ಬಂದಾಗ ಚಿತ್ರ ಆಗಲೇ ಟ್ರೈಲರಿನ ಮೇಲಿತ್ತು. ಹಿಂದೆ ನಡೆದು ಬರುವ ಜನಕ್ಕೆಲ್ಲ ದಾರಿಯುದ್ದಕ್ಕೂ ಕಾಣಲೆಂದು ಅದನ್ನು ಹಿಂಬದಿಗೆ ಮುಖ ಮಾಡಿ ನಿಲ್ಲಿಸಿ, ಒಂದು ಕಡೆಯ ಹಗ್ಗವನ್ನು ಮುನಿಶಾಮಿ, ಇನ್ನೊಂದು ಕಡೆಯದನ್ನು ಟೈಲರು ಬಿಗಿಯುತ್ತಿದ್ದರು.

“ಮುಖ ಎಲ್ಲಯ್ಯಾ ಇವನಿಗೆ?”

“ಬಾಗಿಲ ಕಡೆ ಐತೆ ಸಾರ್,” ಎಂದ ಮುಖ್ತಾರ್.

“ಇಳಿಸ್ರಯ್ಯಾ ಇದನ್ನ!”

“ಯಾಕೆ ಇಳಿಸ್ಬೇಕು?” ಮುನಿಶಾಮಿ ಮೇಲಿಂದಲೇ ಗದರಿದ. “ಎಂಡ್ರು ಮಕ್ಕಳಿಗೆಲ್ಲ ಹೇಳ್ಬುಟ್ಟಿದೀನಿ, ನಾನು ರಾಜ ಆಗಿದೀನಿ ಅಂತ!”

ಅಷ್ಟರಲ್ಲಿ ತಮಟೆ ಎದ್ದಿತು. ಟ್ರ್ಯಾಕ್ಟರ್ ಹೊರಟೇಬಿಟ್ಟಿತು. ಬಿಳಿ ಅಂಗಿ, ಹೆಗಲ ಮೇಲೆ ವಲ್ಲಿ, ಅಧ್ಯಕ್ಷರು ಟ್ರೈಲರಿನ ಹಿಂದೆಯೇ ಎಲ್ಲರಿಗಿಂತ ಮುಂದೆ ನಡೆದರು. ಅವರ ಬೆನ್ನ ಹಿಂದೆ ಇಡೀ ಊರು.

ರೇಷ್ಮೆಗೂಡಿನ ಮಾರುಕಟ್ಟೆ ದಾಟುವಾಗ ಜನದೊಳಗಿಂದ ಯಾರೋ ಕೇಳಿದರು, “ಅಗುಳಿ ಎತ್ತೋನು ಯಾರಪ್ಪಾ ಅದು?”

“ಎಲ್ಲೋ ನೋಡಿದ ಬೆನ್ನು ಕಣೋ!”

ಒಬ್ಬ ನಕ್ಕ. ಆಮೇಲೆ ಹತ್ತು ಜನ ನಕ್ಕರು. ಯಾರೂ ಯಾರ ಹೆಸರನ್ನೂ ಎತ್ತಲಿಲ್ಲ. ಚೆನ್ನರಾಯಪ್ಪನವರು ಮಾತ್ರ ಒಮ್ಮೆ ಚಿತ್ರ ನೋಡಿದರು, ಹೆಗಲ ಮೇಲಿನ ವಲ್ಲಿಯನ್ನು ಎಳೆದು ಕಂಕುಳಲ್ಲಿ ಸಿಕ್ಕಿಸಿಕೊಂಡರು, ಗಕ್ಕನೆ ಜನದ ಕಡೆ ತಿರುಗಿದರು. ಅಲ್ಲಿಂದ ಬಸ್ ಸ್ಟ್ಯಾಂಡಿನವರೆಗೂ, ಎಲ್ಲರಿಗೂ ಕೈಮುಗಿಯುತ್ತಾ, ಕಲ್ಲು ಎಡವುತ್ತಾ, ಹಿಮ್ಮುಖವಾಗಿಯೇ ನಡೆದರು.