ಕೊನೆಯ ಹಾಳೆಯ ಸಹಿ

ಹನ್ನೊಂದನೆಯ ಹಾಳೆಗೂ ಅವರು ಸಹಿ ಹಾಕಿದರು. ಟೈಪಿಸ್ಟ್ ಅದನ್ನು ಮೆಲ್ಲಗೆ ಎಳೆದುಕೊಂಡು ಹನ್ನೆರಡನೆಯದನ್ನು ಅವರ ಕೈಕೆಳಗೆ ಸರಿಸಿದಳು. ಅವಳು ಓದುತ್ತಿದ್ದುದು ತೊಡೆಯ ಮೇಲಿನ ಕಟ್ಟಿನಿಂದ. ಅವರು ಸಹಿ ಹಾಕುತ್ತಿದ್ದುದು ಬೇರೆಯೇ ಕಟ್ಟಿಗೆ.

"ನಿಧಾನ ಓದಮ್ಮ," ಎಂದು ಕಾದಂಬರಿಕಾರರು ಕಪ್ಪು ಕನ್ನಡಕ ಸರಿಪಡಿಸಿಕೊಂಡರು. "ಶಿಲ್ಪಿ ದೇವಿಯ ಕಣ್ಣು ತೆರೆಸೋ ಹೊತ್ತು ಇದು. ಕಾದಂಬರಿಗೂ ಕಣ್ಣು ಬರೋದು ಕೊನೇಲೇ."

"ಹೂಂ ಸಾರ್."

ಎರಡು ವರ್ಷದಿಂದ ಇದೇ ಪದ್ಧತಿ. ಅವರಿಗೆ ಕಣ್ಣು ಹೋದ ಮೇಲೆ ಅವರು ಹೇಳುವುದು, ಅವಳು ಟೈಪ್ ಮಾಡಿ ಓದಿ ಹೇಳುವುದು, ಪ್ರತಿ ಹಾಳೆಯ ಬುಡದಲ್ಲಿ ಅವರು ಸಹಿ ಹಾಕುವುದು. ಸಹಿ ಇದ್ದರೆ ಪ್ರಕಾಶಕರು ಒಂದಕ್ಷರ ಮುಟ್ಟುವುದಿಲ್ಲ. ಸಹಿ ಸೊಟ್ಟಗಾಗದಿರಲೆಂದು ಅವಳೇ ಹಾಳೆಯ ಮೇಲೆ ಸ್ಟೀಲ್ ರೂಲರ್ ಅಡ್ಡ ಇಡುತ್ತಿದ್ದಳು. ನಾಲ್ಕು ತಿಂಗಳ ಹಿಂದೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಅವರು "ಬರೀ ಮಂಜು" ಎಂದು ಕೈಚೆಲ್ಲಿದರು.

ಅವರ ಹೆಂಡತಿ ಚಪ್ಪಲಿ ಹೊರಗೆ ಬಿಟ್ಟು ಕಾಫಿ ತಂದರು. ಆ ಮನೆಯಲ್ಲಿ ಬರೆಯುವ ಕೋಣೆಗೆ ಗರ್ಭಗುಡಿ ಎಂದೇ ಹೆಸರು.

"ಹಾಲು ಜಾಸ್ತಿಯಾಯ್ತು," ಎಂದರು ಕಾದಂಬರಿಕಾರರು, ಲೋಟ ಮೇಜಿನ ಮೇಲೆ ಕೂರುತ್ತಿದ್ದಂತೆ.

"ನೋಡಮ್ಮ, ಬಾಯಿಗೆ ಹೋಗೋ ಮುಂಚೆನೇ ತಪ್ಪು ಹುಡುಕ್ತಾರೆ! ಮೂವತ್ತು ವರ್ಷದಿಂದ ಈ ದೇವರ ಸೇವೆ, ಒಂದು ವರ ಕೊಟ್ಟಿಲ್ಲ."

ಅವಳು ನಕ್ಕಳು. ತೊಡೆಯ ಮೇಲಿನ ಹಾಳೆಗಳನ್ನು ಒಟ್ಟುಮಾಡಿಕೊಂಡಳು.

ವರ್ಷಗಳ ಹಿಂದಿನ ಮಾತು, ಅವಳ ತಂಗಿಗೆ ಆಗ ಇಪ್ಪತ್ತಮೂರು. ಹಸಿರು ರಟ್ಟಿನ ನೋಟ್‌ಬುಕ್ಕಿನಲ್ಲಿ ಒಂದು ಕಾದಂಬರಿ ಬರೆದು, ತನಗೆ ಪಾಠ ಹೇಳಿದ ಇವರಿಗೇ ಕೊಟ್ಟುಬಂದಿದ್ದಳು. ಅದರಲ್ಲಿದ್ದ ದೇವಿಯ ಕೈಯಲ್ಲಿ ತ್ರಿಶೂಲವಿಲ್ಲ, ಸೂಜಿ. ಹರಿದದ್ದನ್ನೆಲ್ಲ ಹೊಲಿಯುವ ದೇವಿ. "ಕಳೆದುಹೋಯ್ತು ಕಣಮ್ಮ," ಎಂದಿದ್ದರು ಇವರು. ಎರಡು ವರ್ಷದ ಮೇಲೆ ಸೂಜಿ ಹಿಡಿದ ದೇವಿ ಇವರ ಹೆಸರಿನಲ್ಲಿ ಪ್ರಕಟವಾದಳು. "ಅವಳು ತಾನಾಗಿ ನನಗೆ ದರ್ಶನ ಕೊಟ್ಟಳು. ನಾನು ಬರೀ ಅರ್ಚಕ," ಎಂದು ಸಂದರ್ಶನದಲ್ಲಿ ಹೇಳಿದರು. ತಂಗಿ ಮತ್ತೆ ಪೆನ್ನು ಹಿಡಿಯಲಿಲ್ಲ. ಆರು ವರ್ಷ ಕುಗ್ಗಿ ಕುಗ್ಗಿ ತೀರಿಕೊಂಡಳು.

ಅಕ್ಕ ಟೈಪಿಂಗ್ ಕಲಿತಳು. ಕಾದಳು.

ಇವರು ಹೇಳಿ ಬರೆಸಿದ ಕೊನೆಯ ಅಧ್ಯಾಯದಲ್ಲಿ ದೇವಿ ಕಣ್ಣು ತೆರೆಯುತ್ತಾಳೆ, ಶಿಲ್ಪಿ ಆ ಬೆಳಕಿನಲ್ಲಿ ಕರಗುತ್ತಾನೆ. ಅವಳು ತಾನೇ ಬರೆದು ಸಹಿಗೆ ಇಟ್ಟ ಕಟ್ಟಿನಲ್ಲಿ ದೇವಿ ಕಣ್ಣು ತೆರೆದು ಕಳ್ಳನನ್ನು ನೋಡುತ್ತಾಳೆ. ಶಿಲ್ಪಿಯ ವೇಷ ಕಳಚಿ ಕಾದಂಬರಿಕಾರರೇ ಮಂಡಿಯೂರುತ್ತಾರೆ. ಹಸಿರು ನೋಟ್‌ಬುಕ್, ತಂಗಿಯ ಪೂರ್ತಿ ಹೆಸರು, ಆಡಿದ ಸುಳ್ಳು, ಎಲ್ಲವನ್ನೂ ಒಪ್ಪಿಕೊಳ್ಳುತ್ತಾರೆ. ಬರೆಯುತ್ತ ಅವಳಿಗೆ ತನ್ನ ಕೈ ತನ್ನದಲ್ಲ ಅನ್ನಿಸಿತ್ತು. ಇಷ್ಟು ಮಾತು ತನ್ನೊಳಗೆ ಎಲ್ಲಿತ್ತೋ! ಈಗ ಉಳಿದದ್ದು ಒಂದೇ ಆಸೆ. ತುಂಬಿದ ಸಭೆಯಲ್ಲಿ ಯಾರಾದರೂ ಅದನ್ನು ಓದಬೇಕು, ಇವರ ಮುಖ ಬಿಳಿಚಿಕೊಳ್ಳುವುದನ್ನು ಮೊದಲ ಸಾಲಿನಲ್ಲಿ ಕೂತು ತಾನು ನೋಡಬೇಕು.

ಕೊನೆಯ ಹಾಳೆ. ಅವರು ಸಹಿ ಹಾಕಿ ಪೆನ್ನಿನ ಮುಚ್ಚಳ ಹಾಕಿದರು. ಆಗ ಅವಳ ಗಮನಕ್ಕೆ ಬಂತು. ರೂಲರ್ ಅವಳ ಕೈಯಲ್ಲೇ ಇತ್ತು, ಇಡಲು ಮರೆತಿದ್ದಳು. ಬಗ್ಗಿ ನೋಡಿದಳು. ಸಹಿ ಕೊನೆಯ ಸಾಲಿನ ಕೆಳಗೆ ನೆಟ್ಟಗೆ ಕೂತಿತ್ತು. ದೇವಿಯೇ ಕೈಹಿಡಿದು ಹಾಕಿಸಿದಳು ಅಂದುಕೊಂಡಳು.

"ಕಟ್ಟು ಇಲ್ಲೇ ಇರಲಿ. ಪ್ರಕಾಶಕರ ಕಡೆಯವರು ನಾಡಿದ್ದು ಬರ್ತಾರೆ," ಎಂದರು.

ಎರಡು ದಿನದಲ್ಲಿ ಯಾರಾದರೂ ಅದನ್ನು ಓದಿಬಿಟ್ಟರೆ ಎಂದು ಅವಳು ಹೆದರಿದಳು. ಏನೂ ಆಗಲಿಲ್ಲ. ಕಟ್ಟು ಹೋಯಿತು, ಪುಸ್ತಕ ಬಂತು.

ಬಿಡುಗಡೆಯ ದಿನ ವಿಮರ್ಶಕರು ಕೊನೆಯ ಅಧ್ಯಾಯವನ್ನೇ ಓದಿದರು. ತಂಗಿಯ ಹೆಸರು ಮೈಕಿನಲ್ಲಿ ಮೊಳಗಿತು. ಅವಳು ಕಾದಂಬರಿಕಾರರ ಮುಖವನ್ನೇ ನೋಡಿದಳು. ಅದು ಶಾಂತವಾಗಿತ್ತು.

ವಿಮರ್ಶಕರು ಕಣ್ಣೊರೆಸಿಕೊಂಡರು. "ಇಲ್ಲದ ಶಿಷ್ಯೆಗೊಂದು ಹೆಸರು ಕೊಟ್ಟು, ಮಾಡದ ಪಾಪವನ್ನು ತನ್ನ ತಲೆಗೇ ಕಟ್ಟಿಕೊಳ್ಳೋ ಧೈರ್ಯ ಇನ್ಯಾರಿಗಿದೆ? ಇದು ಇವರ ಅತ್ಯುತ್ತಮ ಕಲ್ಪನೆ!"

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಆಮೇಲೆ ಪುಸ್ತಕಗಳಿಗೆ ಸಹಿ ಹಾಕಿಸಿಕೊಳ್ಳಲು ಸಾಲು ನಿಂತಿತು. ಅವಳು ಮೊದಲ ಪುಸ್ತಕ ತೆರೆದು ರೂಲರ್ ಅಡ್ಡ ಇಟ್ಟಳು. ಅವರು ಕಪ್ಪು ಕನ್ನಡಕ ತೆಗೆದು ಮಡಿಸಿದರು, ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು.

"ರೂಲರ್ ಯಾಕಮ್ಮ, ಕೊನೇ ಹಾಳೆಗೂ ನೀನು ಇಟ್ಟಿರಲಿಲ್ಲ," ಎಂದರು ಮೆಲ್ಲಗೆ. "ಮುಂದಿನದನ್ನ ಯಾವಾಗ ಬರೀತೀಯ?"